ಕಾಗದದ ಬಂಡವಾಳಕ್ಕೆ ಚೀನಾ ಹಾಕಿದ ಐದು ವರ್ಷದ ಗಡುವು

ಊರಿನ ದೇವಸ್ಥಾನದ ಜೀರ್ಣೋದ್ಧಾರದ ಸಭೆಯಲ್ಲಿ ಒಬ್ಬರು ಎದ್ದು ನಿಂತು ‘ನನ್ನ ಹೆಸರಲ್ಲಿ ಐದು ಲಕ್ಷ ಬರೆದುಕೊಳ್ಳಿ’ ಎನ್ನುತ್ತಾರೆ ಎಂದುಕೊಳ್ಳಿ. ಚಪ್ಪಾಳೆ ಬೀಳುತ್ತದೆ, ದಾನಿಗಳ ಪಟ್ಟಿಯಲ್ಲಿ ಅವರ ಹೆಸರು ಮೊದಲಿಗೆ ಬರುತ್ತದೆ. ಹಣ ಯಾವಾಗ ಕೊಡುತ್ತೀರಿ ಎಂದು ಕೇಳಿದರೆ, ‘ಐವತ್ತು ವರ್ಷದೊಳಗೆ’ ಎಂಬ ಉತ್ತರ. 2014ರ ಮಾರ್ಚ್‌ನಿಂದ 2024ರ ಜೂನ್‌ವರೆಗೆ ಚೀನಾದಲ್ಲಿ ಕಂಪನಿ ಕಟ್ಟುವವರಿಗೆ ಕಾನೂನೇ ಇಂಥ ಅವಕಾಶ ಕೊಟ್ಟಿತ್ತು. ಕೋಟಿಗಟ್ಟಲೆ ಯುವಾನ್ ಬಂಡವಾಳ ಎಂದು ನೋಂದಣಿ ಪತ್ರದಲ್ಲಿ ಬರೆಸಬಹುದಿತ್ತು. ಅದನ್ನು ಕಟ್ಟಲು ಮೂವತ್ತು, ಐವತ್ತು ವರ್ಷದ ಅವಧಿಯನ್ನು ತಾವೇ ನಿಗದಿ ಮಾಡಿಕೊಳ್ಳಬಹುದಿತ್ತು.

2024ರ ಜುಲೈ 1ರಂದು ಈ ಅವಕಾಶ ಮುಗಿಯಿತು. ಅಂದು ಜಾರಿಗೆ ಬಂದ ಪರಿಷ್ಕೃತ ಕಂಪನಿ ಕಾಯ್ದೆಯ 47ನೇ ಕಲಂ ಹೇಳುವುದು ಇಷ್ಟು: ಸೀಮಿತ ಹೊಣೆಗಾರಿಕೆಯ ಕಂಪನಿಯ ಷೇರುದಾರರು ತಾವು ಒಪ್ಪಿಕೊಂಡ ಬಂಡವಾಳವನ್ನು ಕಂಪನಿ ಹುಟ್ಟಿದ ದಿನದಿಂದ ಐದು ವರ್ಷದೊಳಗೆ ಪೂರ್ತಿ ಕಟ್ಟಬೇಕು. ಒಂದು ವಾಕ್ಯದ ಈ ನಿಯಮ ಲಕ್ಷಾಂತರ ಕಂಪನಿಗಳ ಲೆಕ್ಕವನ್ನೇ ಬದಲಿಸಿದೆ. ಆದರೆ ಆ ಕಾಯ್ದೆಯಲ್ಲಿ 266 ಕಲಂಗಳಿವೆ. ನನಗೆ ತೋರುವಂತೆ ಗಡುವಿಗಿಂತ ದೊಡ್ಡ ವಿಷಯ ಉಳಿದ ಕಲಂಗಳಲ್ಲಿದೆ. ಕಂಪನಿ ಕೈಯೆತ್ತಿದಾಗ ಯಾರ ಮನೆ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಗೆ ಚೀನಾ ಮೊದಲ ಬಾರಿಗೆ ಇಷ್ಟು ವಿವರವಾಗಿ ಉತ್ತರ ಬರೆದಿದೆ. ಆ ಉತ್ತರ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಈ ಬರಹದ ವಿಷಯ.

ದೂರದ ದೇಶದ ಕಾನೂನು ನಮಗೇಕೆ ಎನ್ನಬೇಡಿ. ಪುಣೆಯ ಚಾಕಣ್‌ನಲ್ಲೋ ಚೆನ್ನೈನ ಶ್ರೀಪೆರಂಬದೂರಿನಲ್ಲೋ ವಾಹನ, ಮೊಬೈಲ್, ಚಾರ್ಜರ್ ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಷೆನ್‌ಜೆನ್ ಪಕ್ಕದ ಊರಿದ್ದ ಹಾಗೆ. ನನ್ನಂಥ ಸಾಫ್ಟ್‌ವೇರ್ ಎಂಜಿನಿಯರ್ ಬರೆಯುವ ಕೋಡ್ ಕೂಡ ಕೊನೆಗೆ ಹೋಗಿ ಕೂರುವುದು ಅಲ್ಲಿಂದ ಬಂದ ಚಿಪ್ಪಿನ ಮೇಲೆ. ಮುಂಗಡ ಹಣ ಕಳುಹಿಸುವ ಮೊದಲು ಆ ಕಡೆಯ ಕಂಪನಿಯ ಹಿಂದೆ ಯಾರಿದ್ದಾರೆ ಎಂದು ತಿಳಿಯುವುದು ನಮ್ಮಲ್ಲಿ ಹಲವರ ಕೆಲಸದ ಭಾಗ.

ಮೂಲ ಒಪ್ಪಂದ

ಕಂಪನಿ ಎಂಬುದೇ ಒಂದು ವಿಚಿತ್ರ ಒಪ್ಪಂದ. ನಾನು ಹತ್ತು ಲಕ್ಷ ಹಾಕಿ ಕಂಪನಿ ಮಾಡಿದರೆ, ಅದು ಮುಳುಗಿದರೂ ನಾನು ಕಳೆದುಕೊಳ್ಳುವುದು ಆ ಹತ್ತು ಲಕ್ಷ ಮಾತ್ರ. ಸಾಲ ಕೊಟ್ಟವರು ನನ್ನ ಮನೆ, ಹೆಂಡತಿಯ ಒಡವೆ, ಊರಿನ ಹೊಲ ಮುಟ್ಟುವಂತಿಲ್ಲ. ಈ ರಕ್ಷಣೆ ಇಲ್ಲದಿದ್ದರೆ ಹೊಸ ಸಾಹಸಕ್ಕೆ ಯಾರೂ ಕೈಹಾಕುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಆದರೆ ರಕ್ಷಣೆಗೆ ಒಂದು ಬೆಲೆಯಿದೆ: ಹಾಕುತ್ತೇನೆ ಎಂದ ಹತ್ತು ಲಕ್ಷವನ್ನು ನಿಜವಾಗಿ ಹಾಕಿರಬೇಕು. ಹಾಕದೆಯೇ ರಕ್ಷಣೆ ಪಡೆದರೆ ನಷ್ಟದ ಹೊರೆಯನ್ನು ಮಾಲು ಕೊಟ್ಟವರು, ಸಂಬಳ ಬಾಕಿಯಿರುವ ಕೆಲಸಗಾರರು, ಮುಂಗಡ ಕೊಟ್ಟ ಗಿರಾಕಿ ಹೊರಬೇಕಾಗುತ್ತದೆ. ಚೀನಾದ ಮೂವತ್ತು ವರ್ಷದ ಕಂಪನಿ ಕಾನೂನಿನ ಕತೆ ಈ ಎರಡರ ನಡುವಿನ ಎಳೆದಾಟ.

ಸರ್ಕಾರಿ ಕಾರ್ಖಾನೆಗಾಗಿ ಹುಟ್ಟಿದ ಕಾಯ್ದೆ

ಚೀನಾಕ್ಕೆ ಕಂಪನಿ ಕಾನೂನು ಹೊಸದೇನಲ್ಲ. ಚಿಂಗ್ ಅರಸರ ಕೊನೆಗಾಲದಲ್ಲಿ, 1904ರಲ್ಲೇ ಮೊದಲ ಕಂಪನಿ ಕಾನೂನು ಬಂದಿತ್ತು. 1949ರಲ್ಲಿ ಕಮ್ಯುನಿಸ್ಟರು ಹಳೆಯ ಆಡಳಿತದ ಕಾನೂನುಗಳನ್ನೆಲ್ಲ ರದ್ದು ಮಾಡಿದರು. 1956ರ ಹೊತ್ತಿಗೆ ಖಾಸಗಿ ಉದ್ಯಮಗಳು ಸರ್ಕಾರದೊಂದಿಗಿನ ಜಂಟಿ ಒಡೆತನದೊಳಗೆ ಸೇರಿಹೋದವು. 1979ರಲ್ಲಿ ಡೆಂಗ್ ಕ್ಸಿಯಾವೊಪಿಂಗ್ ಕಾಲದ ಸುಧಾರಣೆ ಶುರುವಾದಾಗ ಮೊದಲು ಬಂದದ್ದು ವಿದೇಶಿಯರೊಂದಿಗಿನ ಜಂಟಿ ಉದ್ಯಮದ ಕಾನೂನು. ಸ್ವಂತ ಜನರ ಖಾಸಗಿ ಉದ್ಯಮಕ್ಕೆ ಸಂವಿಧಾನದಲ್ಲಿ ಜಾಗ ಸಿಗಲು 1988ರವರೆಗೆ ಕಾಯಬೇಕಾಯಿತು. 1990ರ ಡಿಸೆಂಬರ್‌ನಲ್ಲಿ ಶಾಂಘೈ ಮತ್ತು ಷೆನ್‌ಜೆನ್ ಷೇರುಪೇಟೆಗಳು ವಹಿವಾಟು ಆರಂಭಿಸಿದಾಗ ದೇಶದಲ್ಲಿ ಒಂದು ಸಮಗ್ರ ಕಂಪನಿ ಕಾಯ್ದೆಯೇ ಇರಲಿಲ್ಲ.

ಆ ಕಾಯ್ದೆ ಬಂದದ್ದು 1993ರ ಡಿಸೆಂಬರ್ 29ರಂದು. ಜಾರಿಯಾದದ್ದು 1994ರ ಜುಲೈ 1ರಿಂದ. ನಷ್ಟದಲ್ಲಿದ್ದ ಸರ್ಕಾರಿ ಕಾರ್ಖಾನೆಗಳನ್ನು ಕಂಪನಿಗಳಾಗಿ ಪರಿವರ್ತಿಸುವುದು ಅದರ ಮುಖ್ಯ ಗುರಿ. ಖಾಸಗಿಯವರ ಬಗ್ಗೆ ಅದಕ್ಕೆ ಅನುಮಾನವೇ ಹೆಚ್ಚು. ಉತ್ಪಾದನಾ ಕಂಪನಿಗೆ ಕನಿಷ್ಠ 5 ಲಕ್ಷ ಯುವಾನ್, ತಂತ್ರಜ್ಞಾನ ಮತ್ತು ಸೇವಾ ಕಂಪನಿಗೆ 1 ಲಕ್ಷ ಯುವಾನ್ ಬೇಕಿತ್ತು. ಪೂರ್ತಿ ಹಣವನ್ನು ಮೊದಲೇ ಬ್ಯಾಂಕಿಗೆ ಕಟ್ಟಿ, ಲೆಕ್ಕಪರಿಶೋಧಕರಿಂದ ಪ್ರಮಾಣಪತ್ರ ತರಬೇಕಿತ್ತು. ತೊಂಬತ್ತರ ದಶಕದ ಚೀನಾದಲ್ಲಿ ಅದು ಸಣ್ಣ ಮೊತ್ತವಲ್ಲ.

ಕಟ್ಟುನಿಟ್ಟಿನ ನಿಯಮ ಕಳ್ಳದಾರಿಗಳನ್ನೂ ಹುಟ್ಟಿಸಿತು. ಒಂದೆರಡು ದಿನದ ಮಟ್ಟಿಗೆ ಹಣ ಕೈಗಡ ಕೊಡುವ ಮಧ್ಯವರ್ತಿಗಳು ಹುಟ್ಟಿಕೊಂಡರು. ಪ್ರಮಾಣಪತ್ರ ಸಿಕ್ಕ ಮೇಲೆ ಹಣ ಬಂದ ದಾರಿಯಲ್ಲೇ ವಾಪಸ್. ನೋಂದಣಿ ಪತ್ರದಲ್ಲಿ ಬಂಡವಾಳ ಇರುತ್ತಿತ್ತು, ಖಾತೆಯಲ್ಲಿ ಇರುತ್ತಿರಲಿಲ್ಲ. 2005ರ ದೊಡ್ಡ ತಿದ್ದುಪಡಿ ಸೀಮಿತ ಹೊಣೆಗಾರಿಕೆಯ ಕಂಪನಿಗೆ ಬೇಕಾದ ಕನಿಷ್ಠ ಬಂಡವಾಳವನ್ನು 30 ಸಾವಿರ ಯುವಾನ್‌ಗೆ ಇಳಿಸಿತು. ಶೇ 20ರಷ್ಟನ್ನು ಮೊದಲು ಕಟ್ಟಿ, ಉಳಿದದ್ದನ್ನು ಸಾಮಾನ್ಯವಾಗಿ ಎರಡು ವರ್ಷದಲ್ಲಿ ಕಟ್ಟಲು ಅವಕಾಶ ಕೊಟ್ಟಿತು. ಒಬ್ಬನೇ ಷೇರುದಾರನ ಕಂಪನಿಗೂ ಒಪ್ಪಿಗೆ ಸಿಕ್ಕಿತು. ಕಂಪನಿಯನ್ನು ಮುಖವಾಡ ಮಾಡಿಕೊಂಡು ಸಾಲಗಾರರಿಗೆ ಮೋಸ ಮಾಡುವ ಷೇರುದಾರ ಸ್ವತಃ ಸಾಲಕ್ಕೆ ಹೊಣೆ ಎಂಬ ನಿಯಮ ಕಾಯ್ದೆಯೊಳಗೆ ಬಂದದ್ದೂ ಆಗಲೇ.

ಬಾಗಿಲು ಪೂರ್ತಿ ತೆರೆದ ದಶಕ

2013ರ ಡಿಸೆಂಬರ್‌ನ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಬ್ಯಾಂಕ್, ವಿಮೆಯಂಥ ಕೆಲವು ಕ್ಷೇತ್ರಗಳನ್ನು ಬಿಟ್ಟು ಉಳಿದೆಡೆ ಕನಿಷ್ಠ ಬಂಡವಾಳವೇ ಬೇಡ, ಮೊದಲ ಕಂತು ಬೇಡ, ಗಡುವು ಬೇಡ, ಲೆಕ್ಕಪರಿಶೋಧಕರ ಪ್ರಮಾಣಪತ್ರವೂ ಬೇಡ ಎಂದಿತು. ಅಂದಿನ ಪ್ರಧಾನಿ ಲಿ ಕೆಚಿಯಾಂಗ್ ಸರ್ಕಾರ ಸಾಮಾನ್ಯ ಜನರೂ ಉದ್ಯಮಿಗಳಾಗಬೇಕು ಎಂದು ಕರೆ ಕೊಟ್ಟ ಕಾಲ ಅದು. ಒಂದು ಯುವಾನ್‌ನಲ್ಲೂ ಕಂಪನಿ ತೆರೆಯಬಹುದು ಎಂಬ ಮಾತು ಮನೆಮಾತಾಯಿತು.

ಫಲವೂ ಸಿಕ್ಕಿತು. ಸುಧಾರಣೆಗೆ ಮೊದಲು 1.3 ಕೋಟಿಯಷ್ಟಿದ್ದ ಕಂಪನಿಗಳ ಸಂಖ್ಯೆ 2023ರ ಕೊನೆಯ ಹೊತ್ತಿಗೆ 4.8 ಕೋಟಿ ದಾಟಿತು ಎಂದು ಅಲ್ಲಿನ ಮಾರುಕಟ್ಟೆ ನಿಯಂತ್ರಣ ಇಲಾಖೆ ಲೆಕ್ಕ ಕೊಟ್ಟಿದೆ. ಕೈಯಲ್ಲಿ ಕಾಸಿಲ್ಲದ, ತಲೆಯಲ್ಲಿ ಯೋಚನೆಯಿದ್ದ ಹುಡುಗ ಹುಡುಗಿಯರಿಗೆ ಬಾಗಿಲು ತೆರೆದದ್ದು ಸಣ್ಣ ಸಾಧನೆಯಲ್ಲ. ಅದನ್ನು ಅಲ್ಲಗಳೆಯುವವರು 1993ರ ನಿಯಮಗಳನ್ನು ಮತ್ತೊಮ್ಮೆ ಓದಬೇಕು.

ತೊಂದರೆ ಬಂದದ್ದು ಇನ್ನೊಂದು ತುದಿಯಿಂದ. ಸೊನ್ನೆ ಸೇರಿಸಲು ಖರ್ಚಿಲ್ಲದಿದ್ದಾಗ ಜನ ಸೊನ್ನೆ ಸೇರಿಸುತ್ತಲೇ ಹೋದರು. ಟೆಂಡರ್‌ನಲ್ಲಿ ದೊಡ್ಡವರಾಗಿ ಕಾಣಲು, ಗಿರಾಕಿಯನ್ನು ಮೆಚ್ಚಿಸಲು ಇಬ್ಬರೇ ಇರುವ ಕಚೇರಿಯೂ ಕೋಟಿ ಯುವಾನ್ ಬಂಡವಾಳ ಬರೆಸಿಕೊಂಡಿತು. ಸಾಲ ತೀರಿಸಲಾಗದೆ ನ್ಯಾಯಾಲಯಕ್ಕೆ ಬಂದಾಗ ಷೇರುದಾರರು, ‘ನಾವು ಕಟ್ಟಬೇಕಾದ ದಿನ ಇನ್ನೂ ಬಂದಿಲ್ಲ’ ಎಂದು ನಿಯಮ ತೋರಿಸುತ್ತಿದ್ದರು. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಅಥವಾ ಕೆಲವು ವಿಶೇಷ ಸಂದರ್ಭಗಳಲ್ಲಿ ಮಾತ್ರ ಗಡುವಿಗೆ ಮೊದಲೇ ಹಣ ಕೇಳಬಹುದಿತ್ತು.

ಹೊಸ ಲೆಕ್ಕ

ಈಗ ಏನಾಗುತ್ತದೆ ಎಂದು ತಿಳಿಯಲು ಒಂದು ಕಲ್ಪಿತ ಲೆಕ್ಕ ಹಾಕೋಣ. ಒಂದು ಕಂಪನಿ, ಇಬ್ಬರು ಷೇರುದಾರರು. ನೋಂದಾಯಿತ ಬಂಡವಾಳ 1 ಕೋಟಿ ಯುವಾನ್. ಒಬ್ಬರ ಪಾಲು 60 ಲಕ್ಷ, ಇನ್ನೊಬ್ಬರದು 40 ಲಕ್ಷ. ಇಬ್ಬರೂ ಸೇರಿ ಕಟ್ಟಿದ್ದು 5 ಲಕ್ಷ, ಉಳಿದದ್ದಕ್ಕೆ 2049ರ ಗಡುವು. ಈ ಕಂಪನಿ ಸರ್ಕಿಟ್ ಬೋರ್ಡ್ ಪೂರೈಸಿದವರಿಗೆ 20 ಲಕ್ಷ ಕೊಡಬೇಕು. ಖಾತೆ ಖಾಲಿ.

ಹಳೆಯ ಕಾಯ್ದೆಯಲ್ಲಿ ಬೋರ್ಡ್ ಪೂರೈಸಿದವರು ಕೋರ್ಟಿನಲ್ಲಿ ಗೆದ್ದರೂ ವಸೂಲಿಗೆ ಬಹುತೇಕ ದಾರಿ ಇರಲಿಲ್ಲ. ಹೊಸ ಕಾಯ್ದೆಯ 54ನೇ ಕಲಂ ಪ್ರಕಾರ, ಕಂಪನಿ ಗಡುವು ಮೀರಿದ ಸಾಲ ತೀರಿಸಲಾಗದಿದ್ದರೆ ಸಾಕು, ಗಡುವು ಬಾರದಿದ್ದರೂ ಬಂಡವಾಳ ಕಟ್ಟಿ ಎಂದು ಷೇರುದಾರರನ್ನು ಕಂಪನಿಯೂ ಕೇಳಬಹುದು, ಸಾಲ ಬರಬೇಕಾದವರೂ ಕೇಳಬಹುದು. ಬಂದ ಹಣ ಕಂಪನಿಯ ಖಾತೆಗೆ ಸೇರಿ ಎಲ್ಲ ಸಾಲಗಾರರಿಗೆ ಹಂಚಿಕೆಯಾಗಬೇಕೋ, ಕೇಳಿದವರಿಗೇ ನೇರವಾಗಿ ಹೋಗಬೇಕೋ ಎಂಬ ಬಗ್ಗೆ ಚೀನೀ ಕಾನೂನು ಪಂಡಿತರಲ್ಲಿ ವಾದವಿದೆ. ಆದರೆ ‘2049ಕ್ಕೆ ಬನ್ನಿ’ ಎಂಬ ಉತ್ತರ ಇನ್ನು ನಡೆಯುವುದಿಲ್ಲ.

ವಸೂಲಿಯ ಹೊಣೆ ನಿರ್ದೇಶಕ ಮಂಡಳಿಯ ಮೇಲೂ ಬಿದ್ದಿದೆ. ಯಾರು ಎಷ್ಟು ಕಟ್ಟಿದ್ದಾರೆ ಎಂದು ಪರಿಶೀಲಿಸಿ, ಕಟ್ಟದವರಿಗೆ ಲಿಖಿತ ನೋಟಿಸ್ ಕೊಡಿಸುವುದು ಮಂಡಳಿಯ ಕರ್ತವ್ಯ. ಸುಮ್ಮನೆ ಕುಳಿತು ಕಂಪನಿಗೆ ನಷ್ಟವಾದರೆ ಹೊಣೆಯಿರುವ ನಿರ್ದೇಶಕರೇ ತುಂಬಿಕೊಡಬೇಕು. ನೋಟಿಸಿನಲ್ಲಿ ಕನಿಷ್ಠ 60 ದಿನ ಕಾಲಾವಕಾಶ ಕೊಟ್ಟ ಮೇಲೂ ಕಟ್ಟದಿದ್ದರೆ, ಆ ಷೇರುದಾರನ ಕಟ್ಟದ ಪಾಲಿನ ಹಕ್ಕನ್ನೇ ಕಿತ್ತುಕೊಳ್ಳಬಹುದು. ಕಟ್ಟದ ಷೇರನ್ನು ಬಡಪಾಯಿಯೊಬ್ಬನ ಹೆಸರಿಗೆ ಮಾರಿ ಕೈತೊಳೆದುಕೊಳ್ಳುವ ಉಪಾಯಕ್ಕೂ 88ನೇ ಕಲಂ ಅಡ್ಡ ಬಂದಿದೆ. ಕೊಂಡವನು ಕಟ್ಟದಿದ್ದರೆ ಮಾರಿದವನು ಉಳಿಕೆ ಭರಿಸಬೇಕು. ಈ ನಿಯಮ ಹಿಂದಿನ ಮಾರಾಟಗಳಿಗೂ ಅನ್ವಯವೇ ಎಂಬ ಗೊಂದಲ ಎದ್ದಾಗ ಸುಪ್ರೀಂ ಪೀಪಲ್ಸ್ ಕೋರ್ಟ್ 2024ರ ಡಿಸೆಂಬರ್‌ನಲ್ಲಿ, 2024ರ ಜುಲೈ 1ರ ನಂತರದ ಮಾರಾಟಗಳಿಗೆ ಮಾತ್ರ ಎಂದು ಸ್ಪಷ್ಟಪಡಿಸಿತು. ನಿನ್ನೆಯ ನಡೆಗೆ ಇಂದಿನ ಕಾನೂನು ಹಚ್ಚಬಾರದು ಎಂಬ ತತ್ವ ಅಲ್ಲಿ ಉಳಿದುಕೊಂಡದ್ದು ಗಮನಿಸಬೇಕಾದ ಸಂಗತಿ.

ಹಳೆಯ ಕಂಪನಿಗಳಿಗೆ ಮೂರು ವರ್ಷದ ಪರಿವರ್ತನಾ ಅವಧಿ ಕೊಟ್ಟಿದ್ದಾರೆ. ಉಳಿದ ಅವಧಿ ಐದು ವರ್ಷಕ್ಕಿಂತ ಉದ್ದವಿದ್ದರೆ ಅದನ್ನು 2027ರ ಜೂನ್ 30ರೊಳಗೆ ಐದು ವರ್ಷಕ್ಕೆ ಇಳಿಸಿಕೊಳ್ಳಬೇಕು. ಅಂದರೆ ಯಾವ ಲೆಕ್ಕದಲ್ಲೂ 2032ರ ಜೂನ್ ದಾಟುವಂತಿಲ್ಲ. ಇದರಿಂದ ಎಷ್ಟೋ ಕಂಪನಿಗಳು ಬಂಡವಾಳದ ಅಂಕಿಯನ್ನೇ ಕಡಿತ ಮಾಡಿಕೊಳ್ಳುತ್ತಿವೆ, ಕೆಲವು ಬಾಗಿಲು ಹಾಕುತ್ತಿವೆ. ಕಡಿತವೂ ಗುಟ್ಟಾಗಿ ನಡೆಯುವಂತಿಲ್ಲ. ಹತ್ತು ದಿನದೊಳಗೆ ಸಾಲಗಾರರಿಗೆ ತಿಳಿಸಬೇಕು, ಮೂವತ್ತು ದಿನದೊಳಗೆ ಪ್ರಕಟಣೆ ಕೊಡಬೇಕು. ಸಾಲಗಾರರು ಹಣ ಅಥವಾ ಭದ್ರತೆ ಕೇಳಬಹುದು.

ಸಣ್ಣ ಉದ್ಯಮಿಗಳಿಗೆ ಇದು ಹೊರೆ, ಆರ್ಥಿಕತೆ ಕುಂಟುತ್ತಿರುವಾಗ ಗಡುವು ಬೇಕಿತ್ತೇ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಐದು ವರ್ಷ ಎಂಬುದು ಎಲ್ಲ ಬಗೆಯ ಉದ್ಯಮಕ್ಕೂ ಒಂದೇ ಅಳತೆಯ ಅಂಗಿ. ಆದರೆ ಕನಿಷ್ಠ ಬಂಡವಾಳದ ನಿಯಮ ವಾಪಸ್ ಬಂದಿಲ್ಲ ಎಂಬುದನ್ನು ಮರೆಯಬಾರದು. ಹತ್ತು ಸಾವಿರ ಯುವಾನ್ ಇದ್ದವರು ಹತ್ತು ಸಾವಿರ ಎಂದೇ ಬರೆಸಬಹುದು, ಯಾರೂ ತಡೆಯುವುದಿಲ್ಲ. ಕೋಟಿ ಎಂದು ಬರೆಸಿದ್ದವರು ಅದನ್ನು ಲಕ್ಷಕ್ಕೆ ಇಳಿಸುತ್ತಿದ್ದರೆ, ನೋಂದಣಿ ಪತ್ರ ನಿಜಕ್ಕೆ ಹತ್ತಿರ ಬರುತ್ತಿದೆ ಎಂದೇ ಅರ್ಥ.

ಮೊಹರು ಯಾರ ಕೈಯಲ್ಲಿ?

ಹಣದ ನಂತರದ ಪ್ರಶ್ನೆ ಮನುಷ್ಯರದ್ದು. ಚೀನಾದ ಪ್ರತಿ ಕಂಪನಿಗೂ ಒಬ್ಬ ‘ಕಾನೂನುಬದ್ಧ ಪ್ರತಿನಿಧಿ’ ಇರುತ್ತಾರೆ. ನಮ್ಮ ಕಾಯ್ದೆಯಲ್ಲಿ ಇದಕ್ಕೆ ಸಮಾನವಾದ ಹುದ್ದೆ ಇಲ್ಲ. ಅವರು ಕಂಪನಿಯ ಹೆಸರಿನಲ್ಲಿ ಮಾಡಿದ್ದೆಲ್ಲ ಕಂಪನಿ ಮಾಡಿದಂತೆ. ಅವರ ಸಹಿ ಮತ್ತು ಕಂಪನಿಯ ಕೆಂಪು ಮೊಹರು ಇವೆರಡು ಯಾರ ಕೈಯಲ್ಲಿವೆಯೋ ಕಂಪನಿ ಅವರ ಕೈಯಲ್ಲಿದೆ ಎನ್ನುವಷ್ಟು ಇವುಗಳಿಗೆ ಬೆಲೆ.

ನಮ್ಮ ಜೇಬಿನಲ್ಲಿರುವ ಬಹುಪಾಲು ಮೊಬೈಲ್‌ಗಳ ಪ್ರೊಸೆಸರ್ ವಿನ್ಯಾಸದ ಹಿಂದಿರುವ ಬ್ರಿಟನ್ನಿನ ಆರ್ಮ್ ಕಂಪನಿ ಇದನ್ನು ಕಷ್ಟಪಟ್ಟು ಕಲಿಯಿತು. 2018ರಲ್ಲಿ ಅದು ತನ್ನ ಚೀನಾ ಘಟಕದ ಶೇ 51ರಷ್ಟು ಪಾಲನ್ನು ಹೋಪು ಎಂಬ ಸಂಸ್ಥೆಯ ನೇತೃತ್ವದ ಹೂಡಿಕೆದಾರರ ಗುಂಪಿಗೆ ಮಾರಿತು. 2020ರ ಜೂನ್‌ನಲ್ಲಿ ನಿರ್ದೇಶಕ ಮಂಡಳಿ ಬಹುಮತದಿಂದ ಆ ಘಟಕದ ಮುಖ್ಯಸ್ಥರನ್ನು ವಜಾ ಮಾಡಿತು. ಅವರು ಒಪ್ಪಲಿಲ್ಲ. ಮೊಹರು ಅವರ ಬಳಿಯಿತ್ತು, ನೋಂದಣಿಯಲ್ಲಿ ಕಾನೂನುಬದ್ಧ ಪ್ರತಿನಿಧಿಯಾಗಿ ಅವರ ಹೆಸರೇ ಇತ್ತು. ಷೆನ್‌ಜೆನ್ ಅಧಿಕಾರಿಗಳ ದಾಖಲೆಯಲ್ಲಿ ಹೆಸರು ಬದಲಾಗಲು 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಒಡೆಯರಿಬ್ಬರೂ ಒಂದಾಗಿ ನಿಂತರೂ ಸುಮಾರು ಎರಡು ವರ್ಷ ಒಬ್ಬ ಮುಖ್ಯಸ್ಥರನ್ನು ಕದಲಿಸಲಾಗಲಿಲ್ಲ. ಅದೇ 2020ರಲ್ಲಿ ಡಾಂಗ್‌ಡಾಂಗ್ ಎಂಬ ಆನ್‌ಲೈನ್ ಪುಸ್ತಕ ಮಳಿಗೆಯ ಸಹಸಂಸ್ಥಾಪಕರೊಬ್ಬರು ಕಚೇರಿಗೆ ಬಂದು ಹತ್ತಾರು ಮೊಹರುಗಳನ್ನು ಎತ್ತಿಕೊಂಡು ಹೋದ ಸುದ್ದಿ ಚೀನಾದಲ್ಲೆಲ್ಲ ಮಾತಾಗಿತ್ತು.

ಹೊಸ ಕಾಯ್ದೆ ಈ ಗಂಟನ್ನು ಬಿಚ್ಚಲು ನೋಡಿದೆ. ಪ್ರತಿನಿಧಿಯನ್ನು ಬದಲಿಸುವ ಅರ್ಜಿಗೆ ಹೊಸ ಪ್ರತಿನಿಧಿಯೇ ಸಹಿ ಹಾಕಬೇಕು ಎಂದು 35ನೇ ಕಲಂ ಹೇಳುತ್ತದೆ. ಹೋಗುವವರ ಸಹಿಗಾಗಿ ಕಾಯಬೇಕಾಗಿಲ್ಲ.

ಇದರ ಇನ್ನೊಂದು ಮುಖ ಹೆಚ್ಚು ನೋವಿನದು. ಪ್ರತಿನಿಧಿಯಾಗಿ ಹೆಸರು ಕೊಟ್ಟವರೆಲ್ಲ ಬಲಶಾಲಿಗಳಲ್ಲ. ಮಾಲೀಕರು ತೆರೆಮರೆಯಲ್ಲಿದ್ದು ಡ್ರೈವರನ್ನೋ, ಅಕೌಂಟ್ಸ್ ನೋಡುವ ನೌಕರನನ್ನೋ, ವಯಸ್ಸಾದ ನೆಂಟರನ್ನೋ ಆ ಜಾಗದಲ್ಲಿ ಕೂರಿಸುವುದು ಅಲ್ಲಿ ಹಳೆಯ ರೂಢಿ. ಕಂಪನಿ ಕೋರ್ಟ್ ಆದೇಶದಂತೆ ಸಾಲ ತೀರಿಸದಿದ್ದರೆ ಪ್ರತಿನಿಧಿಯ ಮೇಲೆ ‘ದುಬಾರಿ ಖರ್ಚಿನ ನಿರ್ಬಂಧ’ ಬೀಳುತ್ತದೆ. ವಿಮಾನ ಹತ್ತುವಂತಿಲ್ಲ, ಹೈಸ್ಪೀಡ್ ರೈಲಿನಲ್ಲಿ ಓಡಾಡುವಂತಿಲ್ಲ, ಮಕ್ಕಳನ್ನು ದುಬಾರಿ ಖಾಸಗಿ ಶಾಲೆಗೆ ಕಳುಹಿಸುವಂತಿಲ್ಲ. ಕೆಲಸ ಬಿಟ್ಟು ವರ್ಷಗಳಾದರೂ ಕಂಪನಿ ಬೇರೊಬ್ಬರ ಹೆಸರು ಸೇರಿಸದೆ ಕೈಕಟ್ಟಿ ಕುಳಿತರೆ ಹಳೆಯ ನೌಕರ ಸಿಕ್ಕಿಬಿದ್ದಂತೆಯೇ. ಈಗ 10ನೇ ಕಲಂ ಪ್ರಕಾರ ನಿರ್ದೇಶಕ ಅಥವಾ ವ್ಯವಸ್ಥಾಪಕ ಹುದ್ದೆ ಬಿಟ್ಟವರು ಪ್ರತಿನಿಧಿ ಸ್ಥಾನವನ್ನೂ ಬಿಟ್ಟಂತೆ. ಮೂವತ್ತು ದಿನದಲ್ಲಿ ಕಂಪನಿ ಬೇರೆಯವರನ್ನು ನೇಮಿಸಬೇಕು. ಕಂಪನಿ ನೇಮಿಸದೇ ಹೋದರೆ ಏನು ಎಂಬುದಕ್ಕೆ ಆ ಕಲಂ ಮೌನವಾಗಿದೆ. ಬಡ ನೌಕರ ಮತ್ತೆ ಕೋರ್ಟಿಗೇ ಅಲೆಯಬೇಕು.

ತೆರೆಮರೆಯ ಧಣಿ

ತೆರೆಮರೆಯ ಧಣಿಯನ್ನು ಮುಂದಕ್ಕೆ ಎಳೆಯುವ ಪ್ರಯತ್ನವೂ ನಡೆದಿದೆ. ನಿರ್ದೇಶಕನಲ್ಲದಿದ್ದರೂ ನಿಜವಾಗಿ ವ್ಯವಹಾರ ನಡೆಸುವ ನಿಯಂತ್ರಕ ಷೇರುದಾರನಿಗೆ ನಿರ್ದೇಶಕನಷ್ಟೇ ನಿಷ್ಠೆ, ಎಚ್ಚರಿಕೆಯ ಹೊಣೆ ಇದೆ ಎಂದು 180ನೇ ಕಲಂ ಹೇಳುತ್ತದೆ. ಅವನ ಅಪ್ಪಣೆಯಂತೆ ನಿರ್ದೇಶಕರು ಕಂಪನಿಗೆ ಹಾನಿ ಮಾಡಿದರೆ ಇಬ್ಬರೂ ಜಂಟಿ ಹೊಣೆಗಾರರು. ನಿರ್ದೇಶಕ ಉದ್ದೇಶಪೂರ್ವಕವಾಗಿ ಅಥವಾ ತೀರಾ ನಿರ್ಲಕ್ಷ್ಯದಿಂದ ಹೊರಗಿನವರಿಗೆ ಹಾನಿ ಮಾಡಿದರೆ ಆ ಹೊರಗಿನವರಿಗೂ ಅವನು ಉತ್ತರ ಕೊಡಬೇಕು. ಒಬ್ಬನೇ ಧಣಿಯ ನಾಲ್ಕು ಕಂಪನಿಗಳ ನಡುವೆ ಹಣ ಓಡಾಡಿಸಿ ಒಂದನ್ನು ಮುಳುಗಿಸಿದರೆ ಉಳಿದ ಮೂರೂ ಆ ಸಾಲಕ್ಕೆ ಹೊಣೆಯಾಗಬಹುದು.

ಈ ಬಿಗಿಯ ಹಿಂದೆ ಕಾಂಗ್‌ಮೆಯ್ ಔಷಧ ಕಂಪನಿಯ ನೆನಪಿದೆ. ಅದರ ಲೆಕ್ಕಪತ್ರದ ಮೋಸದ ಪ್ರಕರಣದಲ್ಲಿ ಗುವಾಂಗ್‌ಝೌ ನ್ಯಾಯಾಲಯ 2021ರ ನವೆಂಬರ್‌ನಲ್ಲಿ ಷೇರುಪೇಟೆ ಕಾನೂನಿನಡಿ ಸುಮಾರು 52 ಸಾವಿರ ಹೂಡಿಕೆದಾರರಿಗೆ 245 ಕೋಟಿಗೂ ಹೆಚ್ಚು ಯುವಾನ್ ಪರಿಹಾರ ಕೊಡಿಸಿತು. ಐವರು ಸ್ವತಂತ್ರ ನಿರ್ದೇಶಕರೂ ಆ ಮೊತ್ತದ ಶೇ 5ರಿಂದ 10ರವರೆಗೆ ಜಂಟಿ ಹೊಣೆ ಹೊರಬೇಕಾಯಿತು. ಮಂಡಳಿ ಸಭೆಗೆ ಬಂದು ಚಹಾ ಕುಡಿದು ಸಹಿ ಹಾಕಿ ಹೋಗುವುದೇ ಕೆಲಸ ಎಂದುಕೊಂಡಿದ್ದವರಿಗೆ ಅದು ಸಿಡಿಲು. ಆ ವಾರಗಳಲ್ಲಿ ಹಲವು ಕಂಪನಿಗಳ ಸ್ವತಂತ್ರ ನಿರ್ದೇಶಕರು ರಾಜೀನಾಮೆ ಕೊಟ್ಟರು. ಹೊಣೆಗೆ ಹೆದರಿ ಒಳ್ಳೆಯವರು ಮಂಡಳಿಗೆ ಬರದೇ ಹೋದಾರು ಎಂಬ ಆತಂಕಕ್ಕೆ ಹೊಸ ಕಾಯ್ದೆ ನಿರ್ದೇಶಕರ ಹೊಣೆಗಾರಿಕೆಗೆ ವಿಮೆ ಮಾಡಿಸಬಹುದು ಎಂಬ ಪರಿಹಾರ ಸೂಚಿಸಿದೆ.

ಕಾನೂನು ನಿಲ್ಲುವ ಜಾಗ

ಇಷ್ಟೆಲ್ಲ ಇದ್ದರೂ ಕಾಯ್ದೆಯ ಕೈಗೆ ಎರಡು ಮಿತಿಗಳಿವೆ. ಮೊದಲನೆಯದು ಭೂಗೋಳದ್ದು. ಇದು ಚೀನಾದ ಮುಖ್ಯ ಭೂಭಾಗದಲ್ಲಿ ನೋಂದಾಯಿತ ಕಂಪನಿಗಳ ಕಾನೂನು. ಎವರ್‌ಗ್ರಾಂಡ್‌ನಂಥ ದೈತ್ಯ ಕೇಮನ್ ದ್ವೀಪದಲ್ಲಿ ನೋಂದಾಯಿಸಿಕೊಂಡು, ಹಾಂಗ್‌ಕಾಂಗ್ ಷೇರುಪೇಟೆಯಲ್ಲಿ ಹಣ ಎತ್ತಿ, ಚೀನಾದ ಊರೂರುಗಳಲ್ಲಿ ಅಂಗಸಂಸ್ಥೆಗಳ ಮೂಲಕ ಮನೆ ಕಟ್ಟುತ್ತಿತ್ತು. 30,000 ಕೋಟಿ ಡಾಲರ್‌ಗೂ ಹೆಚ್ಚಿನ ಹೊರೆ ಹೊತ್ತಿದ್ದ ಆ ಕಂಪನಿಯನ್ನು ಮುಚ್ಚಲು ಹಾಂಗ್‌ಕಾಂಗ್ ಹೈಕೋರ್ಟ್ 2024ರ ಜನವರಿ 29ರಂದು ಆದೇಶಿಸಿತು. ಆದರೆ ಆಸ್ತಿ ಇರುವುದು ಗಡಿಯ ಆಚೆ. ಹಣ ಕೊಟ್ಟು ಮನೆಗೆ ಕಾದವರು, ಬಿಲ್ ಬಾಕಿಯಿರುವ ಗುತ್ತಿಗೆದಾರರು ಒಂದು ಕಡೆ, ವಿದೇಶಿ ಸಾಲಗಾರರು ಇನ್ನೊಂದು ಕಡೆ. ಐದು ವರ್ಷದ ಗಡುವು ಇಂಥ ಗೋಜಲನ್ನು ಬಿಡಿಸಲಾರದು.

ಎರಡನೆಯದು ಅಧಿಕಾರದ್ದು. ಕಂಪನಿಯೊಳಗೆ ಕಮ್ಯುನಿಸ್ಟ್ ಪಕ್ಷದ ಘಟಕಕ್ಕೆ ಅವಕಾಶ ಕೊಡುವ ನಿಯಮ 1993ರ ಕಾಯ್ದೆಯಲ್ಲೇ ಇತ್ತು. ಹೊಸ ಕಾಯ್ದೆಯಲ್ಲೂ ಅದು 18ನೇ ಕಲಂ ಆಗಿ ಮುಂದುವರಿದಿದೆ. ಸರ್ಕಾರಿ ಹೂಡಿಕೆಯ ಕಂಪನಿಗಳಲ್ಲಿ ಪಕ್ಷದ ಘಟಕ ಮುಖ್ಯ ತೀರ್ಮಾನಗಳನ್ನು ಚರ್ಚಿಸುತ್ತದೆ ಎಂದು 170ನೇ ಕಲಂ ಬಾಯಿಬಿಟ್ಟೇ ಹೇಳಿದೆ. ತೀರ್ಮಾನದ ಮೊದಲ ಮಾತು ಅಲ್ಲಿ ಹುಟ್ಟಿದರೂ ಸಹಿ ಮಾತ್ರ ನಿರ್ದೇಶಕರದ್ದು. ತೆರೆಮರೆಯ ಧಣಿ ಖಾಸಗಿಯವನಾದರೆ 192ನೇ ಕಲಂ ಅವನ ಕೊರಳಪಟ್ಟಿ ಹಿಡಿಯುತ್ತದೆ. ಧಣಿ ಪಕ್ಷವೇ ಆದಾಗ ಯಾವ ಸಾಲಗಾರ ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು? ಹೊಣೆಯ ಬಗ್ಗೆ ಇಷ್ಟು ವಿವರವಾಗಿ ಬರೆದ ಕಾಯ್ದೆ ಈ ಬಾಗಿಲ ಬಳಿ ಬಂದು ಚಪ್ಪಲಿ ಬಿಟ್ಟು ಹೊರಗೇ ನಿಲ್ಲುತ್ತದೆ. 300ಕ್ಕೂ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಮೇಲ್ವಿಚಾರಣಾ ಮಂಡಳಿಯಲ್ಲಾದರೂ ನಿರ್ದೇಶಕ ಮಂಡಳಿಯಲ್ಲಾದರೂ ನೌಕರರ ಪ್ರತಿನಿಧಿ ಇರಬೇಕು ಎಂಬ ಒಳ್ಳೆಯ ನಿಯಮವೂ ಇದೇ ಕಾಯ್ದೆಯಲ್ಲಿದೆ. ಸ್ವತಂತ್ರ ಕಾರ್ಮಿಕ ಸಂಘಕ್ಕೆ ಜಾಗವಿಲ್ಲದ ದೇಶದಲ್ಲಿ ಆ ಪ್ರತಿನಿಧಿಯ ದನಿ ಎಷ್ಟು ಗಟ್ಟಿಯಾಗಿ ಕೇಳೀತು ಎಂಬುದು ಬೇರೆ ಮಾತು.

ನಮ್ಮ ಕಡೆಯ ಲೆಕ್ಕ

ಭಾರತವೂ ಇದೇ ದಾರಿಯಲ್ಲಿ ನಡೆದಿದೆ. ಖಾಸಗಿ ಕಂಪನಿಗೆ ಬೇಕಿದ್ದ 1 ಲಕ್ಷ ರೂಪಾಯಿ ಕನಿಷ್ಠ ಬಂಡವಾಳದ ನಿಯಮ 2015ರ ತಿದ್ದುಪಡಿಯಲ್ಲಿ ಹೋಯಿತು. ಆದರೆ ಒಪ್ಪಿಕೊಂಡ ಷೇರು ಹಣ ಬಂದಿದೆ ಎಂದು 180 ದಿನದೊಳಗೆ ನಿರ್ದೇಶಕರು ಘೋಷಣೆ ಸಲ್ಲಿಸಬೇಕು ಎಂಬ 10ಎ ಸೆಕ್ಷನ್ 2018ರ ನವೆಂಬರ್‌ನಲ್ಲಿ ಸೇರಿತು. ಚೀನಾ ಐದು ವರ್ಷ ಕೊಟ್ಟ ಕಡೆ ನಾವು ಆರು ತಿಂಗಳು ಕೊಟ್ಟಿದ್ದೇವೆ.

ಹೆಸರು ಸಾಲ ಕೊಡುವ ರೂಢಿಯೂ ನಮ್ಮಲ್ಲಿ ಕಡಿಮೆಯಿಲ್ಲ. ಮೂರು ವರ್ಷ ಲೆಕ್ಕಪತ್ರ ಸಲ್ಲಿಸದ ಕಂಪನಿಗಳ ಮೇಲೆ 2017ರಲ್ಲಿ ಕೇಂದ್ರ ಸರ್ಕಾರ ಕ್ರಮ ಕೈಗೊಂಡಾಗ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಅನರ್ಹರಾದರು. ಹಲವರು ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ 2019ರ ಜೂನ್‌ನಲ್ಲಿ ಆ ಸೆಕ್ಷನ್ ಸಂವಿಧಾನಬದ್ಧವೆಂದೇ ಹೇಳಿತು. 2020ರ ಕೊನೆಯಲ್ಲಿ ಹೈದರಾಬಾದ್ ಪೊಲೀಸರು ಸಾಲದ ಆ್ಯಪ್‌ಗಳ ಬೆನ್ನುಹತ್ತಿದಾಗ ಚೀನೀ ನಂಟು ಹೊರಬಂತು. 2022ರಲ್ಲಿ ಬೆಂಗಳೂರಿನಲ್ಲಿ ಶೋಧ ನಡೆಸಿದ ಜಾರಿ ನಿರ್ದೇಶನಾಲಯವೂ, ಭಾರತೀಯರನ್ನು ಹೆಸರಿಗೆ ನಿರ್ದೇಶಕರನ್ನಾಗಿಸಿ ಚೀನೀಯರು ತೆರೆಮರೆಯಿಂದ ನಡೆಸುತ್ತಿದ್ದರು ಎಂದು ಹೇಳಿತು. ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿ ಇರುವ ಒಬ್ಬ ನಿರ್ದೇಶಕ ಇರಲೇಬೇಕು ಎಂಬುದು ನಮ್ಮ ಕಾಯ್ದೆಯ ನಿಯಮ. ಆ ಖಾಲಿ ಕುರ್ಚಿಗೆ ಹೆಚ್ಚಾಗಿ ಸಿಗುವವರು ಕೆಲಸ ಹುಡುಕುತ್ತಿರುವ ಹುಡುಗರು, ಹೊಸದಾಗಿ ಸೇರಿದ ನೌಕರರು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಕೋರಿಕೆ ಬರುವುದು ಹೆಚ್ಚಾಗಿ ಸ್ನೇಹದ ರೂಪದಲ್ಲಿ. ‘ಸುಮ್ನೆ ಹೆಸರಿಗೆ ಕಣೋ, ಎರಡು ಸಹಿ ಅಷ್ಟೇ’ ಎಂದು ಜೊತೆಗೆ ಓದಿದವರೇ ಕೇಳುತ್ತಾರೆ. ಹೈದರಾಬಾದಿನ ಗೆಳೆಯರೊಬ್ಬರು ಇಂಥ ಕೋರಿಕೆಗೆ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳುತ್ತಾರೆ: ಒಪ್ಪಿಕೊಂಡ ಬಂಡವಾಳದಲ್ಲಿ ಬ್ಯಾಂಕಿಗೆ ಬಂದದ್ದೆಷ್ಟು, ಲೆಕ್ಕಪತ್ರ ಸಲ್ಲಿಸುವವರು ಯಾರು, ನಾನು ಬಿಡುತ್ತೇನೆ ಎಂದ ದಿನ ನನ್ನ ಹೆಸರು ತೆಗೆಯಲು ಯಾರ ಸಹಿ ಬೇಕು. ಚೀನಾದ ಹೊಸ ಕಾಯ್ದೆ 266 ಕಲಂಗಳಲ್ಲಿ ಕೇಳಿರುವುದೂ ಬಹುಮಟ್ಟಿಗೆ ಇದನ್ನೇ.

ಅಲ್ಲಿಂದ ಮಾಲು ತರಿಸುವವರಿಗೂ ಒಂದು ಅನುಕೂಲವಾಗಿದೆ. ಒಪ್ಪಿಕೊಂಡ ಬಂಡವಾಳ, ನಿಜವಾಗಿ ಕಟ್ಟಿದ ಬಂಡವಾಳ ಮತ್ತು ಕಟ್ಟಿದ ದಿನಾಂಕವನ್ನು ಪ್ರತಿ ಕಂಪನಿಯೂ ಚೀನಾದ ರಾಷ್ಟ್ರೀಯ ಉದ್ಯಮ ಮಾಹಿತಿ ವ್ಯವಸ್ಥೆಯಲ್ಲಿ ಪ್ರಕಟಿಸಬೇಕು ಎಂದು 40ನೇ ಕಲಂ ಹೇಳುತ್ತದೆ. ಮುಂಗಡ ಕಳುಹಿಸುವ ಮೊದಲು ಎರಡನೇ ಅಂಕಿಯನ್ನು ನೋಡಿ. ಮೊದಲನೆಯದು ಇಷ್ಟು ದಿನ ಬರೀ ಬಾಯಿಮಾತಾಗಿತ್ತು. ಅದರಲ್ಲಿ ಎಷ್ಟು ನಿಜ ಎಂಬುದು 2027ರ ಜೂನ್ 30ರ ಹೊತ್ತಿಗೆ ತಿಳಿಯುತ್ತದೆ.